ಲಾರಿಗೆ ಚಲನ್ ಇತ್ತು, ಆಳಿಗೆ ಹಾಜರಿ ಇರಲಿಲ್ಲ

ಗಣಿಗೆ ನೀರು ನುಗ್ಗಿತು ಎಂಬ ಸುದ್ದಿ ಬಂದ ಕೂಡಲೇ ಮೇಲಿರುವವರು ಕೇಳುವುದು ಒಂದೇ ಮಾತು: ಒಳಗೆ ಎಷ್ಟು ಜನ ಇದ್ದಾರೆ? 2018ರ ಡಿಸೆಂಬರ್ 13ರಂದು ಮೇಘಾಲಯದ ಪೂರ್ವ ಜೈಂತಿಯಾ ಹಿಲ್ಸ್ ಜಿಲ್ಲೆಯ ಕ್ಸಾನ್ ಎಂಬಲ್ಲಿ ಈ ಮಾತಿಗೆ ಖಚಿತ ಉತ್ತರ ಹೇಳುವವರು ಇರಲಿಲ್ಲ. ಮೊದಲು 13 ಎಂದರು. ಆಮೇಲೆ 15 ಎಂದು ತಿದ್ದಿದರು. ಕಾನೂನು ಹೇಳುವ ಹಾಜರಿ ಪುಸ್ತಕ ಅಲ್ಲಿ ಇರಲಿಲ್ಲ, ಏಕೆಂದರೆ ಕಾನೂನಿನ ಲೆಕ್ಕದಲ್ಲಿ ಆ ಗಣಿಯೇ ಇರಲಿಲ್ಲ. ನಾಲ್ಕೂವರೆ ವರ್ಷ ಹಿಂದೆಯೇ ಅಂಥ ಗಣಿಗಾರಿಕೆಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧಿಸಿತ್ತು.

ಮುಂದಿನ ಎರಡೂವರೆ ತಿಂಗಳು ದೇಶದಲ್ಲಿ ನಡೆದ ಚರ್ಚೆ ಬಹುಪಾಲು ಪಂಪುಗಳ ಸುತ್ತ ಸುತ್ತಿತು. ಎಷ್ಟು ಎಚ್‌ಪಿ, ಯಾರು ಕೇಳಿದರು, ಯಾರು ಕಳಿಸಲಿಲ್ಲ, ಯಾಕೆ ತಡ. ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಕ್ಸಾನ್‌ನ ರಕ್ಷಣಾ ಕಾರ್ಯ ಸೋತದ್ದಕ್ಕೆ ಕಾರಣಗಳು ಆ ಗುರುವಾರಕ್ಕಿಂತ ಬಹಳ ಹಿಂದಿನವು. ಅವುಗಳನ್ನು ಬಿಡಿಸಿ ನೋಡದಿದ್ದರೆ ಹೊಣೆ ಯಾರದು ಎಂಬ ಮಾತು ಪಕ್ಷಗಳ ಪರಸ್ಪರ ಬೈಗುಳದಲ್ಲಿಯೇ ಮುಗಿಯುತ್ತದೆ. ಅಂದು ಆದದ್ದೂ ಹಾಗೆಯೇ.

ಆ ಗಣಿ ಹೇಗಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ಜೈಂತಿಯಾ ಗುಡ್ಡಗಳಲ್ಲಿ ಕಲ್ಲಿದ್ದಲಿನ ಪದರ ತೀರ ತೆಳು. ದೊಡ್ಡ ಯಂತ್ರ ಇಳಿಸಿ ಗುಡ್ಡವನ್ನೇ ಬಗೆದರೂ ಖರ್ಚು ಹುಟ್ಟುವುದಿಲ್ಲ ಎಂಬುದು ಅಲ್ಲಿನ ಲೆಕ್ಕ. ಹಾಗಾಗಿ ಬಾವಿಯಂತೆ ಚೌಕಾಕಾರದ ಗುಂಡಿಯನ್ನು ನೇರ ಕೆಳಕ್ಕೆ ತೋಡುತ್ತಾರೆ. ಕೆಲವು 100 ಅಡಿ, ಕೆಲವು ಅದರ ಮೂರು ನಾಲ್ಕು ಪಟ್ಟು. ಕ್ಸಾನ್‌ನದು ಸುಮಾರು 370 ಅಡಿ. ತಳದಲ್ಲಿ ಕಲ್ಲಿದ್ದಲು ಸಿಕ್ಕಿದ ಮಟ್ಟದಿಂದ ಸುತ್ತ ಎಲ್ಲ ದಿಕ್ಕಿಗೂ ಬಿಲ ಕೊರೆಯುತ್ತಾರೆ. ಬಿಲದ ಎತ್ತರ ಎರಡರಿಂದ ನಾಲ್ಕು ಅಡಿ. ಆಳು ಅದರೊಳಗೆ ನಿಲ್ಲಲಾರ, ಎಷ್ಟೋ ಕಡೆ ಕೂರಲೂ ಆರ. ಒಂದು ಮಗ್ಗುಲಿಗೆ ಮಲಗಿ, ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ, ಗಿಡ್ಡ ಹಿಡಿಯ ಪಿಕಾಸಿಯಿಂದ ಮುಖದ ಮುಂದಿನ ಗೋಡೆಯನ್ನು ಕೆದಕುತ್ತಾನೆ. ಉದುರಿದ್ದನ್ನು ಪುಟ್ಟ ಕೈಗಾಡಿಗೆ ತುಂಬಿ, ಅಂಬೆಗಾಲಿಕ್ಕಿ ಹಿಂದಕ್ಕೆ ತಳ್ಳಿಕೊಂಡು ಬರುತ್ತಾನೆ. ಗುಂಡಿಯ ಬುಡದಿಂದ ಕಲ್ಲಿದ್ದಲನ್ನು ಕ್ರೇನ್ ಎತ್ತುತ್ತದೆ. ಹತ್ತಿ ಇಳಿಯಲು ಗೋಡೆಗೆ ಒರಗಿಸಿದ ಮರದ ಏಣಿಗಳು. ಇದಕ್ಕೇ ಇಲಿಬಿಲ ಗಣಿಗಾರಿಕೆ ಎಂಬ ಹೆಸರು ಬಿದ್ದಿರುವುದು.

ಆಳುಗಳನ್ನು ಕರೆತಂದು ಕೆಲಸಕ್ಕೆ ಹಚ್ಚುವ ಮೇಸ್ತ್ರಿಯನ್ನು ಅಲ್ಲಿ ಸೊರ್ದಾರ್ ಎನ್ನುತ್ತಾರೆ. ಅಗೆದಷ್ಟಕ್ಕೆ ಕೂಲಿ. ದಿನಕ್ಕೆ ಸಾವಿರ ರೂಪಾಯಿ ದಾಟಿಸಬಹುದಿತ್ತು. ಗದ್ದೆ ಕೆಲಸದಲ್ಲಿ ಅದರ ಅರ್ಧವೂ ಹುಟ್ಟುತ್ತಿರಲಿಲ್ಲ. ಕ್ಸಾನ್‌ನಲ್ಲಿ ಸಿಕ್ಕಿಕೊಂಡವರಲ್ಲಿ ಮೂವರು ಹತ್ತಿರದ ಲುಮ್‌ಥಾರಿ ಹಳ್ಳಿಯವರು. ಉಳಿದವರಲ್ಲಿ ಹೆಚ್ಚಿನವರು ರಾಜ್ಯದ ಇನ್ನೊಂದು ತುದಿಯ ಗಾರೋ ಹಿಲ್ಸ್‌ನಿಂದ, ಕೆಲವರು ಅಸ್ಸಾಮಿನಿಂದ ಬಂದವರು. ಭಾಷೆ ಬೇರೆ, ಧರ್ಮ ಬೇರೆ, ಊರು ಬೇರೆ. ಬಿಲದೊಳಗೆ ಅವರನ್ನು ಒಟ್ಟಿಗೆ ತಂದದ್ದು ಕೂಲಿ.

ನೀರು ಎಲ್ಲಿಂದ ಬಂತು? ಗಣಿಯ ಪಕ್ಕದಲ್ಲೇ ಲೈಟೀನ್ ನದಿ ಹರಿಯುತ್ತದೆ. ಸುತ್ತಮುತ್ತ ಅಗೆದು ಬಿಟ್ಟ ಹಳೆಯ ಗುಂಡಿಗಳು ಬೇಕಾದಷ್ಟಿವೆ. ಒಂದೊಂದರಲ್ಲೂ ವರ್ಷಗಟ್ಟಲೆ ಮಳೆನೀರು ನಿಂತಿರುತ್ತದೆ. ಬಿಲ ಕೊರೆಯುತ್ತಾ ಹೋದವನಿಗೆ ಎದುರಿನ ಗೋಡೆಯ ಆಚೆ ಕಲ್ಲಿದೆಯೋ ನೀರಿದೆಯೋ ತಿಳಿಯುವ ದಾರಿಯಿಲ್ಲ, ಏಕೆಂದರೆ ಯಾವ ಬಿಲ ಎಲ್ಲಿಯವರೆಗೆ ಹೋಗಿದೆ ಎಂದು ಯಾರೂ ಗುರುತು ಹಾಕಿಟ್ಟಿಲ್ಲ. ಗೋಡೆ ಒಡೆದರೆ ನಿಮಿಷಗಳಲ್ಲಿ ಎಲ್ಲ ಬಿಲವೂ ತುಂಬುತ್ತದೆ. ಅಂದು ಬೆರಳೆಣಿಕೆಯ ಮಂದಿ ಮಾತ್ರ ಮೇಲೆ ಬಂದು ಬದುಕಿಕೊಂಡರು.

ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆ, ಅಂದರೆ ಎನ್‌ಡಿಆರ್‌ಎಫ್, ಬೇಗನೆ ಬಂತು. ಅದರ ಮುಳುಗುತಜ್ಞರು ಸುಮಾರು 40 ಅಡಿ ಆಳದವರೆಗೆ ಮಾತ್ರ ಇಳಿಯಬಲ್ಲವರು. ಗುಂಡಿಯಲ್ಲಿ ನಿಂತ ನೀರು ಅದಕ್ಕಿಂತ ಬಹಳ ಆಳ. ಕಲ್ಲಿದ್ದಲ ಮಸಿ ಕದಡಿದ ನೀರಿನಲ್ಲಿ ಕೈ ಚಾಚಿದರೆ ಬೆರಳು ಕಾಣದು. ನೀರು ಇಳಿಸದೆ ಏನೂ ಸಾಧ್ಯವಿಲ್ಲ ಎಂದು ಅವರು ಹೇಳಿದರು. ಆಗ ಸ್ಥಳದಲ್ಲಿ ಇದ್ದದ್ದು 25 ಎಚ್‌ಪಿಯ ಎರಡು ಪಂಪು. ಕೋಲಾರ, ಚಿಕ್ಕಬಳ್ಳಾಪುರದ ರೈತರು ಸಾವಿರ ಅಡಿಯ ಬೋರ್‌ವೆಲ್‌ಗೆ ಇಳಿಸುವ ಮೋಟಾರಿಗಿಂತ ಅದು ತುಸು ದೊಡ್ಡದು, ಅಷ್ಟೆ. ಅದನ್ನು ಇಟ್ಟುಕೊಂಡು ನದಿಯ ಪಕ್ಕದ, ಒಂದಕ್ಕೊಂದು ಬಿಲ ಸೇರಿಕೊಂಡಿರುವ ಗುಡ್ಡವನ್ನು ಬತ್ತಿಸಬೇಕಿತ್ತು. ನೀರಿನ ಮಟ್ಟ ಕದಲಲಿಲ್ಲ. ಕೊನೆಗೆ ಪಂಪು ನಿಲ್ಲಿಸಲಾಯಿತು. 100 ಎಚ್‌ಪಿಯ ಪಂಪುಗಳು ಬೇಕು ಎಂದು ಜಿಲ್ಲಾಡಳಿತಕ್ಕೆ, ಅಲ್ಲಿಂದ ರಾಜ್ಯಕ್ಕೆ, ಅಲ್ಲಿಂದ ಕೋಲ್ ಇಂಡಿಯಾಕ್ಕೆ ಮಾತು ಹೋಗಬೇಕಾಯಿತು. ಪತ್ರ ಯಾವತ್ತು ಹೊರಟಿತು, ಯಾವತ್ತು ತಲುಪಿತು ಎಂಬುದರ ಮೇಲೇ ಆಮೇಲೆ ವಾದ ನಡೆಯಿತು. ಆಳುಗಳು ನೀರಿನ ಕೆಳಗಿದ್ದರು, ಕಾಗದ ಮೇಜಿಂದ ಮೇಜಿಗೆ ಹೋಗುತ್ತಿತ್ತು.

ಡಿಸೆಂಬರ್ ಕೊನೆಯ ವಾರದಲ್ಲಿ ಒಮ್ಮೆಲೇ ಎಲ್ಲರೂ ಹೊರಟರು. ವಾಯುಪಡೆಯ ವಿಮಾನ ಭುವನೇಶ್ವರದಿಂದ ಒಡಿಶಾ ಅಗ್ನಿಶಾಮಕ ದಳವನ್ನೂ ಅದರ ಪಂಪುಗಳನ್ನೂ ಹೊತ್ತು ತಂದಿತು. ವಿಶಾಖಪಟ್ಟಣದಿಂದ ನೌಕಾಪಡೆಯ ಮುಳುಗುತಜ್ಞರು ಬಂದರು. ಕಿರ್ಲೋಸ್ಕರ್ ಬ್ರದರ್ಸ್‌ನ ತಂಡ ಬಂತು. ಕೋಲ್ ಇಂಡಿಯಾದ ದೊಡ್ಡ ಪಂಪುಗಳು ಗುಡ್ಡಗಾಡಿನ ಮಣ್ಣು ದಾರಿಯಲ್ಲಿ ಬಂದು, ಕಟ್ಟೆ ಕಟ್ಟಿಸಿಕೊಂಡು, ವಿದ್ಯುತ್ ಜೋಡಿಸಿಕೊಂಡು ನೀರೆತ್ತಲು ತೊಡಗುವಷ್ಟರಲ್ಲಿ ಹೊಸ ವರ್ಷ ಬಂದಿತ್ತು. ಸ್ಥಳದಲ್ಲಿ ದುಡಿದವರ ಶ್ರಮವನ್ನು ಯಾರೂ ಕಡೆಗಣಿಸುವಂತಿಲ್ಲ. ಕೊರೆಯುವ ಚಳಿಯಲ್ಲಿ ದಿನವೂ ಆ ಕಪ್ಪು ನೀರಿಗೆ ಇಳಿದು ಬರಿಗೈಯಲ್ಲಿ ಹತ್ತಿ ಬರುವುದು ಸುಲಭದ ಮಾತಲ್ಲ. ತಡವಾದದ್ದು ಅವರನ್ನು ಕರೆಸಬೇಕಾದವರಿಂದ.

ಈ ತಡವನ್ನು ದೇಶ ಗಮನಿಸಿದ್ದೂ ತಡವಾಗಿಯೇ. ಅದೇ ವರ್ಷದ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಮಂದಿ ಫುಟ್‌ಬಾಲ್ ಹುಡುಗರೂ ಅವರ ಕೋಚ್ ಕೂಡ ಸಿಕ್ಕಿಕೊಂಡಿದ್ದರು. ಜುಲೈ 10ರೊಳಗೆ ಅಷ್ಟೂ ಜನ ಜೀವಂತ ಹೊರಬಂದರು. ನಮ್ಮ ಟಿ.ವಿ. ವಾಹಿನಿಗಳು ಗಂಟೆ ಗಂಟೆಗೂ ಅದನ್ನೇ ತೋರಿಸಿದ್ದವು. ಅಲ್ಲಿ ನೀರೆತ್ತಲು ಸಲಹೆ ಕೊಟ್ಟವರಲ್ಲಿ ಭಾರತದ ಕಿರ್ಲೋಸ್ಕರ್ ಕಂಪನಿಯವರೂ ಇದ್ದರು. ಥಾಯ್ಲೆಂಡಿಗೆ ಹೋಗಲು ಸಾಧ್ಯವಾದವರಿಗೆ ಮೇಘಾಲಯಕ್ಕೆ ಹೋಗಲು ಎರಡು ವಾರ ಯಾಕೆ ಬೇಕಾಯಿತು ಎಂದು ಜನ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಎರಡು ಘಟನೆಗಳ ನಡುವೆ ಇದ್ದ ಒಂದು ವ್ಯತ್ಯಾಸವನ್ನು ಹೆಚ್ಚಿನವರು ಗಮನಿಸಲಿಲ್ಲ. ಥಾಮ್ ಲುವಾಂಗ್ ಗುಹೆಯನ್ನು ಹಿಂದೆ ಅಳೆದವರಿದ್ದರು. ಎಲ್ಲಿ ತಿರುವು, ಎಲ್ಲಿ ಎತ್ತರದ ಒಣ ಜಾಗ, ಹುಡುಗರು ಎಲ್ಲಿಗೆ ಸರಿದಿರಬಹುದು ಎಂದು ಬೆರಳಿಟ್ಟು ತೋರಿಸಬಲ್ಲ ನಕ್ಷೆ ಅವರ ಕೈಯಲ್ಲಿತ್ತು. ಕ್ಸಾನ್‌ನಲ್ಲಿ ಅಂಥದ್ದು ಇರಲಿಲ್ಲ. ಯಾವ ಗುಂಡಿಯ ನೀರು ಎತ್ತಿದರೆ ಯಾವುದು ಇಳಿಯುತ್ತದೆ ಎಂಬುದನ್ನು ಎತ್ತಿ ಎತ್ತಿಯೇ ಕಂಡುಕೊಳ್ಳಬೇಕಿತ್ತು.

ರಾಜಕೀಯ ಮಾತುಗಳು ಡಿಸೆಂಬರ್ 26ರ ಸುಮಾರಿಗೆ ಕಾವೇರಿದವು. ಹಿಂದಿನ ದಿನ ಪ್ರಧಾನಿ ನರೇಂದ್ರ ಮೋದಿ ಅಸ್ಸಾಮಿನಲ್ಲಿ ಬೋಗಿಬೀಲ್ ಸೇತುವೆ ಉದ್ಘಾಟಿಸಿದ್ದರು. ಅತ್ತ ಆಳುಗಳು ಉಸಿರಿಗಾಗಿ ಒದ್ದಾಡುತ್ತಿರುವಾಗ ಇತ್ತ ಪ್ರಧಾನಿ ಸೇತುವೆಯ ಮೇಲೆ ಕ್ಯಾಮೆರಾಕ್ಕೆ ನಿಂತಿದ್ದಾರೆ ಎಂದು ರಾಹುಲ್ ಗಾಂಧಿ ಟೀಕಿಸಿದರು. ಮೇಘಾಲಯದಲ್ಲಿ ಅಕ್ರಮ ಗಣಿಗಾರಿಕೆಗೆ ಕಣ್ಣು ಮುಚ್ಚಿದವರು ಯಾರು ಎಂಬ ಮರುಪ್ರಶ್ನೆ ಬಂತು. ಆ ಪ್ರಶ್ನೆಯೂ ಸರಿಯಾದದ್ದೇ. 2014ರಲ್ಲಿ ನಿಷೇಧ ಬಂದಾಗ ಶಿಲ್ಲಾಂಗ್‌ನಲ್ಲಿ ಇದ್ದದ್ದು ಮುಕುಲ್ ಸಂಗ್ಮಾ ನೇತೃತ್ವದ ಕಾಂಗ್ರೆಸ್ ಸರ್ಕಾರ. 2018ರಲ್ಲಿ ಇದ್ದದ್ದು ಬಿಜೆಪಿಯೂ ಸೇರಿದ ಕಾನ್ರಾಡ್ ಸಂಗ್ಮಾ ನೇತೃತ್ವದ ಮೈತ್ರಿ ಸರ್ಕಾರ. ಎರಡೂ ಕಾಲದಲ್ಲಿ ಲಾರಿಗಳು ಓಡಿದವು. ಅಕ್ರಮ ಗಣಿಗಾರಿಕೆ ನಡೆಯುತ್ತಿದೆ ಎಂದು ಮುಖ್ಯಮಂತ್ರಿ ಕಾನ್ರಾಡ್ ಸಂಗ್ಮಾ ಅವರೇ ಒಪ್ಪಿಕೊಂಡರು.

ಜನವರಿ 3ರಂದು ವಿಷಯ ಸುಪ್ರೀಂ ಕೋರ್ಟಿಗೆ ಬಂತು. ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ಕರ್ನಾಟಕದವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರಿದ್ದ ಪೀಠ ಸರ್ಕಾರದ ಉತ್ತರದಿಂದ ತೃಪ್ತಿಯಾಗಿಲ್ಲ ಎಂದು ನೇರವಾಗಿ ಹೇಳಿತು. ಇಲ್ಲಿ ಒಂದೊಂದು ಕ್ಷಣವೂ ಮುಖ್ಯ. ಅವರು ಬದುಕಿರಲಿ, ಸತ್ತಿರಲಿ, ಹೊರಗೆ ತರಲೇಬೇಕು ಎಂಬುದು ಪೀಠದ ಮಾತಿನ ತಾತ್ಪರ್ಯ. ಆ ಹೊತ್ತಿಗೆ ಮೂರು ವಾರ ಕಳೆದಿತ್ತು. ಆಳುಗಳ ಮನೆಯವರಲ್ಲಿ ಕೆಲವರು ಆಸೆ ಬಿಟ್ಟು, ಮಣ್ಣು ಮಾಡಲು ದೇಹವಾದರೂ ಸಿಗಲಿ ಎನ್ನುತ್ತಿದ್ದರು.

ಈ ಚರ್ಚೆಯಲ್ಲಿ ಆಗಲೂ ಈಗಲೂ ಕೇಳುವ ಒಂದು ವಾದವಿದೆ. ನೀರು ಅಷ್ಟು ರಭಸದಿಂದ ನುಗ್ಗಿದ ಮೇಲೆ ಅವರು ಮೊದಲ ದಿನವೇ ತೀರಿಕೊಂಡಿರುತ್ತಾರೆ, ಪಂಪು ಬೇಗ ಬಂದಿದ್ದರೂ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಎಂಬುದು. ಇರಬಹುದು. ಬಹುಶಃ ಹಾಗೆಯೇ ಆಗಿದೆ. ಆದರೆ ಡಿಸೆಂಬರ್ 14ರಂದು ಅದು ಯಾರಿಗೂ ಗೊತ್ತಿರಲಿಲ್ಲ. ಎಲ್ಲೋ ಒಂದು ಬಿಲ ಮೇಲ್ಮುಖವಾಗಿ ಹೋಗಿ, ಅಲ್ಲಿ ಗಾಳಿ ಉಳಿದು, ಇಬ್ಬರೋ ಮೂವರೋ ಕಾಯುತ್ತಾ ಕುಳಿತಿರಬಹುದಿತ್ತು. ಗಣಿಗಳಲ್ಲಿ ಅಂಥದ್ದು ಆಗಿದೆ. ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲದಿರುವಾಗ ಬದುಕಿದ್ದಾರೆಂದೇ ತಿಳಿದು ಓಡಬೇಕು. ಕೊನೆಗೆ ತಿಳಿದುಬಂದದ್ದನ್ನು ಹಿಡಿದುಕೊಂಡು ಮೊದಲ ವಾರದ ನಿಧಾನಕ್ಕೆ ಸಮರ್ಥನೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಜನವರಿ ಮಧ್ಯದಲ್ಲಿ, ನೀರಿನಡಿ ಓಡಾಡಿ ಚಿತ್ರ ಕಳಿಸುವ ನೌಕಾಪಡೆಯ ಯಂತ್ರವೊಂದು ಬಿಲದೊಳಗೆ ಒಂದು ದೇಹವನ್ನು ಪತ್ತೆ ಹಚ್ಚಿತು. ಎಳೆದರೆ ದೇಹ ಬಿಡಿಬಿಡಿಯಾಗುತ್ತಿತ್ತು. ವೈದ್ಯರ ಸಲಹೆಯ ಮೇಲೆ ಎಳೆಯುವುದನ್ನು ನಿಲ್ಲಿಸಿದರು. ಮುಂದುವರಿಸಬೇಕೇ, ಬಿಡಬೇಕೇ? ಸ್ಥಳದಲ್ಲಿದ್ದವರಿಗೆ ಅದು ಪತ್ರಿಕೆಯ ಅಂಕಣದ ಪ್ರಶ್ನೆಯಾಗಿರಲಿಲ್ಲ. ಸಿಕ್ಕಿದಷ್ಟು ಕೊಡಿ, ಎಲುಬಾದರೂ ಸರಿ ಎಂದು ಮನೆಯವರು ಬೇಡಿಕೊಂಡರು. ಮೊದಲ ದೇಹ ಮೇಲೆ ಬಂದದ್ದು ಜನವರಿ 24ರಂದು. ಎರಡನೆಯದು ಫೆಬ್ರುವರಿ ಕೊನೆಯಲ್ಲಿ. ಮಾರ್ಚ್ ಆರಂಭದಲ್ಲಿ ಕಾರ್ಯಾಚರಣೆ ಮುಗಿಯಿತು ಎಂದು ಘೋಷಿಸಲಾಯಿತು. ಉಳಿದ 13 ಮಂದಿ ಅಲ್ಲಿಯೇ ಉಳಿದರು.

ಇನ್ನು ಹೊಣೆಯ ಮಾತು. ಗಣಿಯ ಮಾಲೀಕನೆಂದು ಒಬ್ಬನನ್ನು ಬೇಗನೆ ಬಂಧಿಸಲಾಯಿತು. ಬಂಧಿಸಬೇಕಾದದ್ದೇ. ಆದರೆ ಕಥೆ ಅಲ್ಲಿಗೆ ನಿಂತರೆ ಅದು ಅರ್ಧ ಸತ್ಯ.

ಹಸಿರು ನ್ಯಾಯಮಂಡಳಿ ಇಲಿಬಿಲ ಗಣಿಗಾರಿಕೆಯನ್ನು ನಿಷೇಧಿಸಿದ್ದು 2014ರ ಏಪ್ರಿಲ್ 17ರಂದು. ದೂರು ಕೊಟ್ಟವರು ನೆರೆಯ ಅಸ್ಸಾಮಿನ ದಿಮಾ ಹಸಾವೊ ಜಿಲ್ಲೆಯ ವಿದ್ಯಾರ್ಥಿ ಸಂಘಟನೆಯವರು. ಮೇಘಾಲಯದ ಗಣಿಗಳಿಂದ ಬರುವ ಆಮ್ಲದ ನೀರು ತಮ್ಮ ಕೊಪಿಲಿ ನದಿಯನ್ನು ಹಾಳುಮಾಡುತ್ತಿದೆ ಎಂಬುದು ಅವರ ದೂರು. ಗಂಧಕ ಹೆಚ್ಚಿರುವ ಆ ಕಲ್ಲಿದ್ದಲು ಗಾಳಿ ನೀರು ಸೋಕಿದರೆ ಆಮ್ಲ ಬಿಡುತ್ತದೆ. ಜೈಂತಿಯಾದ ಲುಖಾ ನದಿ ಚಳಿಗಾಲದಲ್ಲಿ ವಿಚಿತ್ರ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮೀನು ಸತ್ತು ತೇಲುತ್ತದೆ. ಆದರೆ ಆ ಆದೇಶ ನದಿಯ ಮಾತಿಗೆ ನಿಲ್ಲಲಿಲ್ಲ. ಇಂಥ ಗಣಿಗಳಿಗೆ ನೀರು ನುಗ್ಗಿ ಅನೇಕ ಆಳುಗಳು ಸತ್ತಿದ್ದಾರೆ ಎಂಬುದೂ ಅದರಲ್ಲಿ ಇತ್ತು. 2012ರ ಜುಲೈನಲ್ಲಿ ದಕ್ಷಿಣ ಗಾರೋ ಹಿಲ್ಸ್‌ನಲ್ಲಿ ಹೀಗೆಯೇ 15 ಮಂದಿ ಮುಳುಗಿ ಸತ್ತಿದ್ದರು. ಅದೇ ಸಂಖ್ಯೆ, ಅದೇ ನೀರು. ಗುವಾಹಟಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಆ ಪ್ರಕರಣ ಕೈಗೆತ್ತಿಕೊಂಡಿತ್ತು. ಕ್ಸಾನ್ ಅನಿರೀಕ್ಷಿತ ಎಂದು ಹೇಳಲು ಯಾರಿಗೂ ಬಾಯಿಲ್ಲ.

ನಿಷೇಧದಲ್ಲಿ ಒಂದು ಕಿಂಡಿ ಇತ್ತು. ಅದಾಗಲೇ ಅಗೆದು ಮೇಲೆ ರಾಶಿ ಹಾಕಿದ್ದ ಕಲ್ಲಿದ್ದಲನ್ನು ಸಾಗಿಸಲು ಅನುಮತಿ ಕೊಡಲಾಯಿತು. ಗಡುವು ಮುಗಿದಾಗಲೆಲ್ಲ ವಿಸ್ತರಿಸಲಾಯಿತು. ರಾಶಿ ವರ್ಷ ವರ್ಷವೂ ಕರಗದೆ ಉಳಿಯಿತು. ರಾತ್ರಿ ಅಗೆದ ಹೊಸ ಕಲ್ಲಿದ್ದಲು ಬೆಳಗ್ಗೆ ಹಳೆಯ ರಾಶಿಯಾಗುತ್ತಿತ್ತು ಎಂದು ಅಲ್ಲಿನ ಹೋರಾಟಗಾರರು ಹೇಳುತ್ತಲೇ ಇದ್ದರು. ಸಾಗಿಸಿದ ಪ್ರತಿ ಲಾರಿಗೂ ಚಲನ್, ರಾಜಧನ, ಅದರ ಮೇಲೆ ಪರಿಸರ ನಿಧಿಗೆಂದು ಮಾರುಕಟ್ಟೆ ಬೆಲೆಯ ಶೇ 10ರಷ್ಟು ವಂತಿಗೆ. ಆ ನಿಧಿಯಲ್ಲಿ ನೂರಾರು ಕೋಟಿ ಸೇರಿತು. ಟನ್ನಿಗೆ ಇಷ್ಟು ಎಂದು ಲೆಕ್ಕ ಇಡಲು ವ್ಯವಸ್ಥೆ ಇತ್ತು, ತೂಕದ ಸೇತುವೆ ಇತ್ತು, ಗೇಟು ಇತ್ತು. ಆ ಟನ್ನನ್ನು ಕೆಳಗಿನಿಂದ ಕೆದಕಿ ತಂದವನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಕ್ಸಾನ್ ಬಗ್ಗೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಕಾಣಲಾರದ ಸರ್ಕಾರ ಅದಾಗಿರಲಿಲ್ಲ. ಕಲ್ಲಿದ್ದಲನ್ನು ಕಂಡು ಆಳನ್ನು ಕಾಣದ ಸರ್ಕಾರ ಅದು.

ಕಂಡವರಿಗೆ ಏನಾಯಿತು ಎಂಬುದೂ ದಾಖಲೆಯಲ್ಲಿದೆ. ಕ್ಸಾನ್ ದುರಂತಕ್ಕೆ ಐದು ವಾರ ಮೊದಲು, ನವೆಂಬರ್ 8ರಂದು, ಸಾಮಾಜಿಕ ಹೋರಾಟಗಾರ್ತಿ ಆಗ್ನೆಸ್ ಖಾರ್ಶಿಂಗ್ ಅದೇ ಜಿಲ್ಲೆಯಲ್ಲಿ ಅಕ್ರಮ ಕಲ್ಲಿದ್ದಲು ಸಾಗಣೆಯ ಜಾಡು ಹಿಡಿದು ಹೋಗಿದ್ದಾಗ ಗುಂಪೊಂದು ಅವರ ಮೇಲೆ ಬಿದ್ದು ಸಾಯುವಂತೆ ಹೊಡೆಯಿತು. ಜೊತೆಯಲ್ಲಿದ್ದವರಿಗೂ ಏಟು ಬಿತ್ತು. ಅವರು ಬದುಕಿ ಉಳಿದರು. ಅವರು ತೋರಿಸಲು ಹೊರಟಿದ್ದನ್ನು ದೇಶ ನೋಡಿದ್ದು ಹದಿನೈದು ಜನ ಮುಳುಗಿದ ಮೇಲೆ.

ಜೈಂತಿಯಾ ಜನರ ಕಡೆಯಿಂದ ಒಂದು ಮಾತಿದೆ, ಅದನ್ನು ಗೌರವದಿಂದ ಕೇಳಬೇಕು. ಸಂವಿಧಾನದ ಆರನೇ ಅನುಸೂಚಿಯ ಪ್ರದೇಶ ಅದು. ಭೂಮಿ ಸರ್ಕಾರದ್ದಲ್ಲ, ವ್ಯಕ್ತಿಗಳದ್ದು, ಕುಲದ್ದು, ಸಮುದಾಯದ್ದು. ನೆಲ ನಮ್ಮದಾದರೆ ನೆಲದಡಿಯದೂ ನಮ್ಮದು. ದೆಹಲಿಯ ಕಾನೂನು ಇಲ್ಲಿಗೆ ಬಂದರೆ ದೊಡ್ಡ ಕಂಪನಿಗಳೂ ಬೆನ್ನಿಗೆ ಬರುತ್ತವೆ ಎಂಬ ಭಯ ಹುಸಿಯೇನಲ್ಲ. ಬೇರೆ ಆದಿವಾಸಿ ಪ್ರದೇಶಗಳಲ್ಲಿ ಏನಾಗಿದೆ ಎಂದು ಅವರು ನೋಡಿದ್ದಾರೆ. 2019ರ ಜುಲೈ 3ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಈ ಗಂಟನ್ನು ಬಿಡಿಸಿತು. ಖನಿಜದ ಒಡೆತನ ಭೂಮಾಲೀಕರದೇ ಎಂದು ಒಪ್ಪಿತು. ಆದರೆ ಗಣಿ ಕಾಯ್ದೆ, ಗಣಿ ಮತ್ತು ಖನಿಜ ಕಾಯ್ದೆ ಮೇಘಾಲಯಕ್ಕೂ ಅನ್ವಯಿಸುತ್ತವೆ. ಗುತ್ತಿಗೆ, ಪರವಾನಗಿ, ಸುರಕ್ಷತಾ ನಿಯಮಗಳಿಲ್ಲದೆ ಅಗೆಯುವಂತಿಲ್ಲ ಎಂದಿತು. ಒಡೆತನ ನಿಮ್ಮದು, ಆದರೆ ಕೆಳಗಿಳಿಯುವವನ ಜೀವ ನಿಮ್ಮ ಒಡೆತನಕ್ಕೆ ಸೇರಿದ್ದಲ್ಲ ಎಂಬುದು ನಾನು ಅದನ್ನು ಓದಿದ ಬಗೆ. ದುರಂತದ ನಂತರ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 100 ಕೋಟಿ ರೂಪಾಯಿ ದಂಡ ಹಾಕಿತ್ತು. ಅದನ್ನು ಪರಿಸರ ನಿಧಿಯಿಂದಲೇ ಕೊಡಲು ಕೋರ್ಟ್ ಅವಕಾಶ ಮಾಡಿಕೊಟ್ಟಿತು. ಅಂದರೆ ದಂಡ ಕಟ್ಟಿದ್ದೂ ಕಲ್ಲಿದ್ದಲ ಹಣವೇ.

ಆ ದಂಡದ ಹಿಂದಿದ್ದ ನ್ಯಾಯಮೂರ್ತಿ ಬಿ.ಪಿ. ಕಟಾಕಿ ಸಮಿತಿ ಇನ್ನೊಂದು ಸಂಗತಿ ಹೇಳಿತ್ತು. ಮೇಘಾಲಯದಲ್ಲಿ ಸುಮಾರು 24,000 ಗಣಿಗಳಿವೆ, ಅವುಗಳಲ್ಲಿ ಹೆಚ್ಚಿನವು ಅಕ್ರಮ ಎಂಬುದು.

ಕನ್ನಡಿಗರಿಗೆ ಅಕ್ರಮ ಗಣಿ ಎಂದೊಡನೆ ನೆನಪಾಗುವುದು ಬಳ್ಳಾರಿ, 2011ರ ಲೋಕಾಯುಕ್ತ ವರದಿ. ಅಲ್ಲಿ ಚರ್ಚೆ ನಡೆದದ್ದು ಮುಖ್ಯವಾಗಿ ಬೊಕ್ಕಸಕ್ಕಾದ ನಷ್ಟದ ಬಗ್ಗೆ. ಅಕ್ರಮ ಎಂದರೆ ಕಳ್ಳತನ ಎಂಬ ಅರ್ಥ ನಮ್ಮ ಮನಸ್ಸಿನಲ್ಲಿ ಕೂತಿದೆ. ಭೂಮಿಯೊಳಗೆ ಇಳಿಯುವ ಗಣಿಯಲ್ಲಿ ಅದಕ್ಕಿಂತ ಹತ್ತಿರದ ಅಪಾಯವಿದೆ. ನೋಂದಾಯಿತ ಗಣಿಯೊಂದರಲ್ಲಿ ಪಾಳಿಗೆ ಇಳಿಯುವ ಕಾರ್ಮಿಕ ಟೋಕನ್ ಕೊಟ್ಟು ಕ್ಯಾಪ್ ಲ್ಯಾಂಪ್ ಪಡೆಯುತ್ತಾನೆ. ಪಾಳಿ ಮುಗಿದಾಗ ಒಂದು ದೀಪ ವಾಪಸ್ ಬರದಿದ್ದರೆ ಒಬ್ಬ ಮನುಷ್ಯ ಕೆಳಗಿದ್ದಾನೆ ಎಂದು ತಿಳಿಯುತ್ತದೆ. ಹೊರಬರಲು ಎರಡು ದಾರಿ ಇರಲೇಬೇಕು. ಸರ್ವೇಯರ್ ನಕ್ಷೆಯನ್ನು ಕಾಲಕಾಲಕ್ಕೆ ತಿದ್ದುತ್ತಿರಬೇಕು. ನೀರು ತುಂಬಿದ ಹಳೆಯ ಗಣಿಗೆ 60 ಮೀಟರ್‌ಗಿಂತ ಹತ್ತಿರ ಹೋಗಬೇಕಾದರೆ ಅನುಮತಿ ಬೇಕು, ಮುಂಚಿತವಾಗಿ ತೂತು ಕೊರೆದು ನೋಡಬೇಕು. ಕೋಲಾರ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆ ಸಿಡಿದು ಸತ್ತವರು ಅನೇಕರು. ಆದರೂ ಅಲ್ಲಿ ಪ್ರತಿ ಮಟ್ಟಕ್ಕೂ ಒಂದು ನಂಬರ್ ಇತ್ತು, ಬಂಡೆ ಎಲ್ಲಿ ಬಿರಿಯಿತು ಎಂದು ಕೇಳಿಸಿಕೊಳ್ಳುವ ಯಂತ್ರಗಳಿದ್ದವು. ಆ ಅನುಭವದಿಂದಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ಕೆಜಿಎಫ್‌ನಲ್ಲಿ ಹುಟ್ಟಿತು.

ಈ ಕಾಗದಪತ್ರಗಳು ಜೀವ ಉಳಿಸುತ್ತವೆ ಎಂಬುದಕ್ಕೆ 1989ರ ಮಹಾಬೀರ್ ಗಣಿಗಿಂತ ದೊಡ್ಡ ಸಾಕ್ಷಿ ಬೇಡ. ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ ನವೆಂಬರ್ 13ರಂದು ಕಲ್ಲಿದ್ದಲು ಗಣಿಗೆ ನೀರು ನುಗ್ಗಿತು. 71 ಮಂದಿ ಒಳಗೆ ಸಿಕ್ಕಿಕೊಂಡರು, ಆರು ಜನ ಮುಳುಗಿದರು. 65 ಮಂದಿ ಎತ್ತರದ ಒಂದು ಭಾಗಕ್ಕೆ ಸೇರಿಕೊಂಡಿದ್ದರು. ಆ ಭಾಗ ಎಲ್ಲಿದೆ ಎಂದು ಮೇಲಿನವರಿಗೆ ನಕ್ಷೆ ಹೇಳಿತು. ಅದರ ನೆತ್ತಿಗೆ ಸರಿಯಾಗಿ ನೆಲ ಕೊರೆದರು. ಮನುಷ್ಯ ನಿಂತು ಹಿಡಿಸುವಷ್ಟು ಉಕ್ಕಿನ ಕೊಳವೆಯೊಂದನ್ನು ಅವಸರದಲ್ಲಿ ಮಾಡಿಸಿದರು. ಅಧಿಕಾರಿ ಜಸ್ವಂತ್ ಸಿಂಗ್ ಗಿಲ್ ತಾವೇ ಅದರಲ್ಲಿ ನಿಂತು ಕೆಳಗಿಳಿದರು. ಒಬ್ಬೊಬ್ಬರನ್ನಾಗಿ 65 ಮಂದಿಯನ್ನೂ ಮೇಲೆ ಕಳಿಸಿದರು. ಗಿಲ್ ಅವರ ಧೈರ್ಯದ ಮೇಲೆ ಈಚೆಗೆ ಸಿನಿಮಾ ಬಂತು. ಆ ನಕ್ಷೆ ಬರೆದಿಟ್ಟ ಸರ್ವೇಯರ್‌ಗಳನ್ನೂ ನೆನೆಯಬೇಕು.

ಕಾನೂನಿನ ಗಣಿ ಎಂದ ಮಾತ್ರಕ್ಕೆ ಎಲ್ಲ ಸುರಕ್ಷಿತ ಎಂದೇನಲ್ಲ. 1975ರ ಡಿಸೆಂಬರ್ 27ರಂದು ಧನ್‌ಬಾದ್ ಬಳಿಯ ಚಾಸನಾಲಾದಲ್ಲಿ ಮೇಲಿನ ಹಳೆಯ ಗಣಿಯ ನೀರು ತಡೆಗೋಡೆ ಒಡೆದು ಕೆಳಗೆ ಬಿತ್ತು, ಸುಮಾರು 375 ಮಂದಿ ಸತ್ತರು. ಅದು ಸಾರ್ವಜನಿಕ ವಲಯದ ಗಣಿ, ಪರವಾನಗಿ ಇತ್ತು, ಮ್ಯಾನೇಜರ್ ಇದ್ದರು. ಕೆಳಗಿನ ಕೋರ್ಟ್ ಇಬ್ಬರು ಅಧಿಕಾರಿಗಳನ್ನು ತಪ್ಪಿತಸ್ಥರೆಂದು ಹೇಳಿದ್ದು 2012ರಲ್ಲಿ, ಮೂವತ್ತಾರು ವರ್ಷಗಳ ಮೇಲೆ. ಆದರೆ ಆ ಪ್ರಕರಣದಲ್ಲಿ ಯಾರನ್ನು ಕೇಳಬೇಕು ಎಂಬುದಾದರೂ ಗೊತ್ತಿತ್ತು. ಕ್ಸಾನ್‌ನಲ್ಲಿ ಅಂಥ ಹೆಸರು ಬರೆದಿಟ್ಟ ಕಾಗದವೇ ಇಲ್ಲ. ಭೂಮಿ ಒಬ್ಬನದು, ಗುಂಡಿ ತೋಡಿಸಿದವನು ಇನ್ನೊಬ್ಬ, ಆಳು ತಂದ ಸೊರ್ದಾರ್ ಮತ್ತೊಬ್ಬ, ಕಲ್ಲಿದ್ದಲು ಕೊಂಡವನು ಬೇರೊಬ್ಬ. ಕೈಬಿಟ್ಟ ಕಡೆಗೆಲ್ಲ ಜಾರುವ ಹೊಣೆ ಅದು.

ಅಕ್ರಮ ಗಣಿಗೆ ಹೋದದ್ದು ಅವರದೇ ತಪ್ಪು, ಅದಕ್ಕೆ ಸರ್ಕಾರ ಯಾಕೆ ಹೊಣೆ ಎಂದು ಕೇಳಿದವರೂ ಇದ್ದರು. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು 17 ದಿನ ಒಳಗೆ ಉಳಿದಾಗ ಇದಕ್ಕೆ ಉತ್ತರ ಸಿಕ್ಕಿತು ಎನಿಸುತ್ತದೆ. ಅಮೆರಿಕದ ಕೊರೆಯುವ ಯಂತ್ರ ಕೊನೆಯ ಹತ್ತು ಹನ್ನೆರಡು ಮೀಟರ್ ಉಳಿದಿರುವಾಗ ಮುರಿಯಿತು. ಆಗ ಕರೆಸಿದ್ದು ಇಲಿಬಿಲ ಕೊರೆಯುವ ಕಸುಬು ಗೊತ್ತಿದ್ದ ಹನ್ನೆರಡು ಜನರನ್ನು. ಅವರು ಕೊಳವೆಯೊಳಗೆ ತೂರಿಕೊಂಡು, ಕೈಯಿಂದ ಅಗೆದು, ಕಲ್ಲುಮಣ್ಣನ್ನು ಹಿಂದಕ್ಕೆ ಸಾಗಿಸಿ, ಸುಮಾರು ಒಂದು ದಿನದಲ್ಲಿ ಆಚೆ ತಲುಪಿದರು. ದೇಶ ಅವರಿಗೆ ಹಾರ ಹಾಕಿತು. ಕ್ಸಾನ್‌ನಲ್ಲಿ ಮುಳುಗಿದವರದೂ ಅದೇ ಕೈ, ಅದೇ ಕಸುಬು. ಸಿಲ್ಕ್ಯಾರಾದಲ್ಲಿ ಒಳಗಿದ್ದ 41 ಜನರ ಹೆಸರಿನ ಪಟ್ಟಿ ಇತ್ತು, ಅವರಿಗೆ ಗಾಳಿ, ಅನ್ನ ಕಳಿಸಲು ಒಂದು ಕೊಳವೆ ಇತ್ತು.

ಕ್ಸಾನ್ ಆದ ಮೇಲೆ 2021ರ ಮೇ 30ರಂದು ಅದೇ ಜಿಲ್ಲೆಯ ಉಮ್‌ಪ್ಲೆಂಗ್‌ನಲ್ಲಿ ಐವರು ಮುಳುಗಿದರು. 2025ರ ಜನವರಿ 6ರಂದು ಅಸ್ಸಾಮಿನ ದಿಮಾ ಹಸಾವೊದ ಉಮ್ರಾಂಗ್‌ಸೊದಲ್ಲಿ ಒಂಬತ್ತು ಜನ. ದೂರು ಕೊಟ್ಟು ನಿಷೇಧ ತಂದ ಜಿಲ್ಲೆಯಲ್ಲಿಯೇ. ಅಲ್ಲಿ ಸೇನೆಯೂ ನೌಕಾಪಡೆಯೂ ಕ್ಸಾನ್‌ಗಿಂತ ಎಷ್ಟೋ ಬೇಗ ತಲುಪಿದವು. ಒಂದು ವಾರದೊಳಗೆ ನಾಲ್ಕು ದೇಹ ಸಿಕ್ಕಿತು, ಉಳಿದ ಐದು ನೀರು ಖಾಲಿಯಾದ ಮೇಲೆ ಫೆಬ್ರುವರಿಯಲ್ಲಿ. ಪಂಪು ಬೇಗ ತರಿಸುವುದನ್ನು ನಾವು ಕಲಿತಿದ್ದೇವೆ. ಜೀವಂತ ಒಬ್ಬರೂ ಬರಲಿಲ್ಲ.

2025ರ ಮಾರ್ಚ್‌ನಲ್ಲಿ ಮೇಘಾಲಯ ಸರ್ಕಾರ ಪೂರ್ವ ಜೈಂತಿಯಾ ಹಿಲ್ಸ್‌ನ ಸರಿಂಗ್‌ಖಾಮ್‌ನಲ್ಲಿ ಮೊದಲ ವೈಜ್ಞಾನಿಕ ಕಲ್ಲಿದ್ದಲು ಗಣಿಗೆ ಚಾಲನೆ ಕೊಟ್ಟಿತು. ಪರವಾನಗಿ ಇರುವ, ಯಂತ್ರ ಬಳಸುವ ಗಣಿ. ಒಳ್ಳೆಯದು. ಆದರೆ ಅಂಥ ಒಂದು ಗಣಿ ತೆರೆದ ಜಿಲ್ಲೆಯಲ್ಲಿ ಹಳೆಯ ಗುಂಡಿಗಳು ಸಾವಿರಗಟ್ಟಲೆ ಬಾಯಿ ತೆರೆದುಕೊಂಡಿವೆ. ಅವುಗಳಲ್ಲಿ ನೀರು ನಿಂತಿದೆ. ಯಾವುದರ ಬಿಲ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಅಳೆದು, ಕಟ್ಟಿ ಮುಚ್ಚುವ ಕೆಲಸಕ್ಕೆ ಪರಿಸರ ನಿಧಿಯ ಹಣ ಇದೆ. ಅದರಲ್ಲಿ ಎಷ್ಟು ಗುಂಡಿ ಮುಚ್ಚಿದೆ, ಎಷ್ಟಕ್ಕೆ ನಕ್ಷೆ ಆಗಿದೆ ಎಂಬ ಪಟ್ಟಿಯನ್ನು ರಾಜ್ಯ ಸರ್ಕಾರ ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು, ಗುಂಡಿಯ ಗುರುತು ಸಂಖ್ಯೆ ಸಮೇತ.